ಮುಖವಾಡದ ಕಂಡಕ್ಟರ್

ಶಾಲೆಯ ಮುಂದೆ ಬೆಳಿಗ್ಗೆ ಮಕ್ಕಳನ್ನು ರಸ್ತೆ ದಾಟಿಸುವ ಸೂಪರ್‌ಹೀರೋ ಹಿಂದೆ ಬಸ್ ಕಂಡಕ್ಟರ್ ಆಗಿದ್ದ. ಬೆನ್ನಿಗೆ ಕೆಂಪು ಪರದೆ, ಕಣ್ಣಷ್ಟೇ ಕಾಣುವ ಮುಖವಾಡ. ಬೊಜ್ಜು ಮಾತ್ರ ಯಾವ ವೇಷಕ್ಕೂ ಜಗ್ಗುತ್ತಿರಲಿಲ್ಲ. ಮಕ್ಕಳು ನಗುತ್ತಿದ್ದರು, ಲಾರಿಯವರೂ ನಗುತ್ತಲೇ ಬ್ರೇಕ್ ಒತ್ತುತ್ತಿದ್ದರು.

ಮುಖವಾಡ ಯಾಕೆ ಅನ್ನೋದು ಅವನೊಬ್ಬನಿಗೇ ಗೊತ್ತು. ಮೂರು ವರ್ಷದ ಹಿಂದೆ ಇದೇ ಸ್ಟಾಪಿನಲ್ಲಿ, ಇಳಿಯುತ್ತಿದ್ದ ಹುಡುಗಿಯ ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿರುವಾಗಲೇ, ಅವನು ಟಿಕೆಟ್ ಹರಿಯುತ್ತಾ ಹಿಂದೆ ನೋಡದೆ "ರೈಟ್" ಅಂದಿದ್ದ. ಡ್ರೈವರ್ ಬಸ್ಸು ಬಿಟ್ಟ. ಹುಡುಗಿ ಉಳಿಯಲಿಲ್ಲ. ಅವಳ ತಾಯಿ ಈಗ ಕಿರಿಮಗಳನ್ನು ಇದೇ ಶಾಲೆಗೆ ಕರೆತರುತ್ತಾಳೆ.

ಆ ಮಾತನ್ನು ಅವನು ಮತ್ತೆ ನಾಲಿಗೆಗೆ ತಂದಿರಲಿಲ್ಲ. ಇವತ್ತು, ಕೊನೆಯ ಮಗು ಫುಟ್‌ಪಾತ್ ಹತ್ತಿದ್ದನ್ನು ತಿರುಗಿ ನೋಡಿ, ನಿಂತಿದ್ದ ಬಸ್ಸಿಗೆ ಕೈ ಬೀಸುವಾಗ ಬಾಯಿತಪ್ಪಿ ಬಂದುಬಿಟ್ಟಿತು: "ರೈಟ್!"

ಪಕ್ಕದಲ್ಲಿದ್ದ ಆ ತಾಯಿ ಗಕ್ಕನೆ ನಿಂತಳು. ಅವನು ಮುಖವಾಡ ತಾನೇ ತೆಗೆದು ತಲೆ ತಗ್ಗಿಸಿದ.

ಆ ಮುಖದ ಗುರುತು ಹಿಡಿದು ಅವಳಂದಳು: "ತಿರುಗಿ ನೋಡಿ ಹೇಳಿದ್ರಿ ಇವತ್ತು. ಅವತ್ತು ಬೇಕಾಗಿದ್ದೂ ಇಷ್ಟೇ ಅಲ್ವಾ?"