ಕಿವಿಯ ಗುರುತು

ಬೇಸಿಗೆಯೆಲ್ಲ ಗುಡ್ಡದಲ್ಲಿ ಮೇದ ಕುರಿಗಳನ್ನು ಸೆಪ್ಟೆಂಬರಿನಲ್ಲಿ ಕೆಳಗಿಳಿಸಿ, ಕಿವಿ ಕತ್ತರಿಸಿದ ಗುರುತು ನೋಡಿ ಮನೆಮನೆಗೆ ಬೇರ್ಪಡಿಸುವ ದಿನ, ಐಸ್‌ಲ್ಯಾಂಡಿನ ಆ ಕಣಿವೆಯಲ್ಲಿ ಯಾರೂ ಮನೆಯಲ್ಲಿ ಕೂರುವುದಿಲ್ಲ. ತುಂಬು ಬಸುರಿ ಸ್ಟೇನುನ್ ಕೂಡ ದೊಡ್ಡಿಯ ಕಲ್ಲುಗೋಡೆಗೆ ಒರಗಿ ನಿಂತಿದ್ದಳು. ಅವಳ ಕಣ್ಣು ಮಾತ್ರ ಕುರಿಗಳ ಮೇಲಲ್ಲ, ಮೈದುನ ಓರ್ವಾರನ ಮೇಲಿತ್ತು.

ಓರ್ವಾರನಿಗೆ ಸ್ಕಿಜೋಫ್ರೇನಿಯಾ. ಯಾರೂ ಇಲ್ಲದಾಗಲೂ ದನಿಗಳು ಕೇಳುತ್ತವೆ. ಅವನ ಕೈಗೆ ಚಾಕು ಸಿಗದಂತೆ ಇಡೀ ಮನೆ ಕಾಯುತ್ತಿತ್ತು. ಅವನು ಯಾರಿಗೂ ಒಂದೇಟು ಹೊಡೆದವನಲ್ಲ ಅನ್ನುವುದು ಬೇರೆ ಮಾತು. ಕೆಲವು ವಾರಗಳ ಹಿಂದೆ ಸಂಶೋಧನೆಗೆಂದು ರಕ್ತ ಕೊಟ್ಟಿದ್ದ ಅವಳ ಗಂಡ ಕೌರಿಗೆ, ತಮ್ಮನಲ್ಲಿರುವ ಜೀನೇ ನಿನ್ನಲ್ಲೂ ಇದೆ ಎಂದು ಡಾಕ್ಟರು ತಿಳಿಸಿದ್ದರು. ರೋಗಾಣುಗಳಿಂದ ಮೈ ಕಾಯಬೇಕಾದ ಜೀನು ಅದು. ಅತಿಯಾಗಿ ಕೆಲಸ ಮಾಡಿದರೆ ಮಿದುಳಿನೊಳಗಿನ ನರಗಳ ಬೆಸುಗೆಗಳನ್ನೇ ಕಡಿದುಹಾಕುತ್ತದಂತೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. "ಎಷ್ಟೋ ಜನರಲ್ಲಿ ಇದು ಇರುತ್ತೆ. ಅಪಾಯ ಚೂರು ಹೆಚ್ಚು, ಅಷ್ಟೆ. ಹೆಚ್ಚಿನವರಿಗೆ ಏನೂ ಆಗಲ್ಲ" ಎಂದೂ ಅವರು ಹೇಳಿದ್ದರು. ಆ ಮಾತು ಕೌರಿಯ ತಲೆಗೆ ಹೋಗಿದ್ದರೆ ತಾನೆ? ಹುಟ್ಟುವ ಮಗು ಹೇಗಿರುತ್ತದೋ ಎಂದು ಅಂದಿನಿಂದ ಅವನು ಬಾಟಲಿ ಹಿಡಿದಿದ್ದ. ಸ್ಟೇನುನ್ ಮೈದುನನನ್ನು ಕಂಡರೆ ಹೊಟ್ಟೆಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದಳು.

ಓರ್ವಾರ್ ಒಂದು ಟಗರಿನ ಕೊಂಬು ಹಿಡಿದು ತಮ್ಮ ಪಾಲಿನ ದೊಡ್ಡಿಗೆ ಎಳೆತಂದ. ಎಡಗಿವಿಯ ಗುರುತು ಸರಿಯಿತ್ತು, ಬಲಗಿವಿ ನೋಡಿರಲಿಲ್ಲ. ಅದು ಪಕ್ಕದ ಮನೆಯ ಬೆರ್ಗುರನ ಟಗರು.

"ಏನಪ್ಪಾ ಕೌರಿ, ನಿಮ್ಮ ವಂಶದ ಗುರುತು ಇರೋದು ಕಿವೀಲಲ್ಲ, ತಲೇಲಂತೆ," ಎಂದು ಬೆರ್ಗುರ್ ನಕ್ಕ. "ಹುಟ್ಟೋ ಮರಿಗೂ ಅದೇನಾ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕೌರಿ ಬೆರ್ಗುರನನ್ನು ಬಿಟ್ಟು ತಮ್ಮನ ಮೇಲೆ ಬಿದ್ದ. ಗುದ್ದಿ ಮೂಗು ಮುರಿದ, ಕೆಸರಿಗೆ ಕೆಡವಿ ಪಕ್ಕೆಗೆ ಬೂಟುಗಾಲಲ್ಲಿ ಒದ್ದ, ಕೂದಲು ಹಿಡಿದು ಮುಖವನ್ನು ಗೋಡೆಗೆ ಅಪ್ಪಳಿಸಿದ.

"ನಿನ್ನಿಂದಾನೇ ಕಣೋ. ಎಲ್ಲಾ ನಿನ್ನಿಂದಾನೇ."

ಬಿಡಿಸಲು ಬಂದ ಹೆಂಡತಿಯನ್ನೂ ನೂಕಿದ. ಅವಳು ಕೆಸರಲ್ಲಿ ಬಿದ್ದಳು. ಕೌರಿ ಮತ್ತೆ ಕಾಲೆತ್ತಿದಾಗ ಓರ್ವಾರ್ ತೆವಳಿಕೊಂಡು ಬಂದು ಅವಳಿಗೂ ಆ ಬೂಟಿಗೂ ನಡುವೆ ಮಲಗಿದ. ಒದೆ ಅವನ ಬೆನ್ನಿಗೆ ಬಿತ್ತು.

ಜನ ಕೊನೆಗೂ ಕೌರಿಯನ್ನು ಹಿಡಿದು ನಿಲ್ಲಿಸಿದರು.

"ಅತ್ತಿಗೆ, ಮಗೂಗೆ ಏಟಾಯ್ತಾ?" ಓರ್ವಾರ್ ರಕ್ತ ಉಗುಳುತ್ತ ಕೇಳಿದ.

"ಇಲ್ಲಪ್ಪ. ಹೊಟ್ಟೇಲಿ ಆಡ್ತಿದೆ."

ಅವಳು ಎದ್ದು ಗಂಡನ ಜೇಬಿನಿಂದ ಕಾರಿನ ಕೀಲಿ ತೆಗೆದುಕೊಂಡಳು. "ಮಗು ನಿನ್ನ ತಮ್ಮನ ಹಾಗಾದ್ರೆ ಅಂತ ಇಷ್ಟು ದಿನ ಹೆದರಿ ಸಾಯ್ತಿದ್ದೆ," ಅಂದಳು. "ನಿನ್ನ ಹಾಗಾದ್ರೆ ಅನ್ನೋದು ಹೊಳೆದೇ ಇರಲಿಲ್ಲ ನೋಡು."

ಓರ್ವಾರನ ತೋಳಿಗೆ ಹೆಗಲು ಕೊಟ್ಟು ಅವಳು ಕಾರಿನ ಕಡೆ ನಡೆದಳು.