ಅಕ್ಕನ ಕುರ್ಚಿ

"ಅಕ್ಕಾ, ನಿನ್ ಕುರ್ಚಿ ಮೇಲಕ್ಕೇ ತಂದಿದೀನಿ, ಆರಾಮಾಗಿ ಕೂತ್ಕೋ" ಎಂದು ಪರಮೇಶ್ ಸಾಗುವಾನಿ ಕುರ್ಚಿಯನ್ನು ಗೋಡೆಗೆ ತಾಗಿಸಿಟ್ಟು ಹೆಗಲ ಟವೆಲಿನಿಂದ ಒರೆಸಿದ. ಭದ್ರಾವತಿಯ ಮನೆಯ ಮೇಲೆ ಅವನು ಹೊಸದಾಗಿ ಕಟ್ಟಿಸಿದ ಮಹಡಿಯಲ್ಲಿ ಪೂಜೆ ಮುಗಿದು ಊಟದ ಪಂಕ್ತಿಗೆ ಜಮಖಾನ ಹಾಸಿತ್ತು.

ಜಗದಾಂಬಾ ಕುರ್ಚಿಯನ್ನೇ ನೋಡಿದಳು. ಆರು ವರ್ಷದ ಹಿಂದೆ ಇದೇ ಮನೆಯಲ್ಲಿ, ಪರಮೇಶನ ಮಗುವಿಗೆ ತೊಟ್ಟಿಲು ಹಾಕಿದ ದಿನ, ಉಂಡಾದ ಮೇಲೆ ಏಳಲಾರದೆ ನೆಲದಲ್ಲೇ ಉಳಿದಿದ್ದಳು. ನಾಲ್ಕು ಜನ ಕೈಹಚ್ಚಿ ಎತ್ತಿದ್ದರು, ಯಾರೋ "ಐಸಾ!" ಎಂದಿದ್ದರು, ಪಂಕ್ತಿಗೆ ಪಂಕ್ತಿಯೇ ನಕ್ಕಿತ್ತು. ಮರುವಾರವೇ ತಮ್ಮ ಈ ಕುರ್ಚಿ ಮಾಡಿಸಿದ್ದ. ಪ್ರೀತಿಯಿಂದಲೇ. ಅಂದಿನಿಂದ ಬಳಗವೆಲ್ಲ ನೆಲದ ಮೇಲೆ, ಅವಳೊಬ್ಬಳು ಗೋಡೆಯ ಬದಿಗೆ.

"ನೆಲದ್ಮೇಲೇ ಕೂರ್ತೀನಿ ಕಣೋ."

"ಬೇಡ ಮಾರಾಯ್ತಿ, ಏಳೋಕಾಗ್ದಿದ್ರೆ?" ಗಂಡ ಜಂಬಣ್ಣ ಪಿಸುಗುಟ್ಟಿದ.

ಅವಳು ನೆರಿಗೆ ಒತ್ತಿಕೊಂಡು ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟಳು. ಪಕ್ಕದಲ್ಲಿದ್ದ ಚಿಕ್ಕಮ್ಮ ಹೂವಮ್ಮ ಅವಳ ರಟ್ಟೆ ಹಿಚುಕಿ ನೋಡಿದಳು.

"ಇನ್ನರ್ಧ ಜಗದಾಂಬಾನ ಎಲ್ಲಿ ಬಿಟ್ಟು ಬಂದ್ಯೇ? ಹೊಟ್ಟೆ ಕತ್ತರಿಸ್ಕೊಂಡ್ರೆ ಯಾರ್ ಬೇಕಾದ್ರೂ ಸಣ್ಣ ಆಗ್ತಾರೆ ಬಿಡು."

"ಡಾಕ್ಟ್ರು ಕತ್ತರಿಸಿದ್ದು ಒಂದೇ ದಿನ ಚಿಕ್ಕಮ್ಮ. ಹದಿನಾಲ್ಕು ತಿಂಗ್ಳಿಂದ ದಿನಾ ಬೆಳಿಗ್ಗೆ ವಿನೋಬನಗರದ ಪಾರ್ಕ್ ಸುತ್ತಿರೋದು ನಾನು. ನೂರಿಪ್ಪತ್ತೆಂಟು ಕೇಜಿ ಇದ್ದೆ, ಈಗ ಎಪ್ಪತ್ತಾರು. ಸುಮ್ನೆ ಇಳೀತಾ?"

ಹೂವಮ್ಮ ಬಡಿಸುವವನಿಗೆ ಕಣ್ಣು ಮಾಡಿದಳು. ಜಗದಾಂಬಾ ಕೈ ಅಡ್ಡ ಹಿಡಿಯುವಷ್ಟರಲ್ಲಿ ತುಪ್ಪ ಸುರಿದ ಇಡೀ ಹೋಳಿಗೆ ತಟ್ಟೆಗೆ ಬಿತ್ತು.

"ಪ್ರಸಾದ ಕಣೇ. ಬೇಡ ಅನ್ಬಾರ್ದು."

ಈ ಮನೆಯಲ್ಲಿ ಯಾರೂ ತಟ್ಟೆಯಲ್ಲಿ ಅಗುಳು ಬಿಟ್ಟವರಲ್ಲ. ತಟ್ಟೆ ತೊಳೆದು ಆ ನೀರನ್ನೂ ಕುಡಿದೇ ಏಳುವವರು. ಅಷ್ಟು ಸಿಹಿ ತಿಂದಳೋ, ಹೊಲಿಗೆ ಹಾಕಿದ ಈ ಪುಟ್ಟ ಹೊಟ್ಟೆ ಸುಮ್ಮನಿರದು: ಬೆವರು, ಎದೆಬಡಿತ, ಕಣ್ಣುಕತ್ತಲೆ. ಮತ್ತೆ ನಾಲ್ಕು ಜನ, ಮತ್ತೆ ಐಸಾ.

ಆದರೆ ಇನ್ನೂ ಒಂದು ತುತ್ತೂ ಬಾಯಿಗಿಟ್ಟಿರಲಿಲ್ಲ. ಹೋಳಿಗೆಯ ಅಂಚಿನಿಂದ ಉಗುರಿನಷ್ಟು ಮುರಿದಿಟ್ಟುಕೊಂಡು, ಉಳಿದದ್ದನ್ನು ಹಾಗೆಯೇ ಎತ್ತಿ ಹೂವಮ್ಮನ ತಟ್ಟೆಗೆ ಹಾಕಿದಳು.

"ಎಂಜಲಲ್ಲ. ಪ್ರಸಾದ, ಚಿಕ್ಕಮ್ಮ. ಬೇಡ ಅನ್ಬಾರ್ದು."

ಪಂಕ್ತಿ ನಕ್ಕಿತು. ಈ ಸಲ ಅವಳೂ ನಕ್ಕಳು.

ಹಿಡಿಯಷ್ಟು ಅನ್ನ, ಒಂದಿಷ್ಟು ಪಲ್ಯ, ಒಂದೊಂದು ತುತ್ತನ್ನೂ ಇಪ್ಪತ್ತು ಸಲ ಅಗಿದು ಉಂಡಳು. ಎಲ್ಲರದೂ ಮುಗಿಯಿತು. ಕೊನೆಯವರು ಮುಗಿಸದೆ ಯಾರೂ ಏಳುವಂತಿಲ್ಲ. ಇಪ್ಪತ್ತು ಜನ ಕಾದರು. ಅವಳು ಅವಸರ ಮಾಡಲಿಲ್ಲ. ಉಗುರಿನಷ್ಟು ಹೋಳಿಗೆಯನ್ನು ಕೊನೆಗಿಟ್ಟುಕೊಂಡು ಕಣ್ಣು ಮುಚ್ಚಿ ತಿಂದಳು. ಆಮೇಲೆ ಎರಡು ಚಮಚದಷ್ಟು ನೀರು ಹಾಕಿ ತಟ್ಟೆ ಬಳಿದು ಕುಡಿದಳು.

ಪಂಕ್ತಿ ಎದ್ದಿತು. ಅಭ್ಯಾಸಬಲದಿಂದ ಪರಮೇಶ್ ಒಂದು ಕಡೆ, ಜಂಬಣ್ಣ ಇನ್ನೊಂದು ಕಡೆ ಓಡಿಬಂದು ಕೈ ಚಾಚಿದರು. ಜಗದಾಂಬಾ ಬಲಗೈಯಲ್ಲಿ ತಟ್ಟೆ ಹಿಡಿದು, ಮಂಡಿಯ ಮೇಲೆ ಎಡ ಅಂಗೈಯೂರಿ, ತುಸು ಮುಂದೆ ಬಾಗಿ, ಎದ್ದು ನಿಂತಳು. ನಾಲ್ಕೂ ಕೈಗಳು ಗಾಳಿಯಲ್ಲೇ ಉಳಿದವು.

"ಏ ಜಗದಾ," ಇನ್ನೂ ಜಮಖಾನದ ಮೇಲೇ ಕೂತಿದ್ದ ಹೂವಮ್ಮನ ದನಿ ಕೇಳಿಸಿತು, "ಹಾಳಾದ್ ಮಂಡಿ ಹಿಡ್ಕೊಂಬಿಟ್ಟಿದೆ. ನೋಡ್ತಾ ನಿಂತ್ಯಲ್ಲ, ಕೈ ಕೊಡೇ."

ಜಗದಾಂಬಾ ತಟ್ಟೆಯನ್ನು ಎಡಗೈಗೆ ಬದಲಾಯಿಸಿದಳು. ಒದ್ದೆ ಬಲಗೈಯನ್ನು ಸೆರಗಿಗೆ ಒರೆಸಿ, ಕಾಲು ಅಗಲಿಸಿ ಗಟ್ಟಿಯಾಗಿ ನಿಂತು, ಚಿಕ್ಕಮ್ಮನ ಕಡೆಗೆ ಚಾಚಿದಳು.