ಹರಿವಾಣ ತಲುಪದ ಮುದುಕ

ಮಗಳ ನಿಶ್ಚಿತಾರ್ಥದ ದಿನ ಆಲೆಟ್ಟಿಯ ಅಚ್ಚುತ ಗೌಡರು ವೀಳ್ಯದ ಹರಿವಾಣ ಹಿಡಿದು ಇಡೀ ಸಭೆಗೆ ತಾವೇ ವೀಳ್ಯ ಕೊಟ್ಟರು. ಬಿಟ್ಟುಹೋದದ್ದು ಒಬ್ಬರಿಗೆ ಮಾತ್ರ, ಹೆಂಡತಿಯ ಅಣ್ಣ ಸವಣೂರಿನ ಕೃಷ್ಣಮೋಹನರಿಗೆ. ಊಟದಲ್ಲಿ ಪಾಯಸ ತಪ್ಪಿದರೆ ನಮ್ಮ ಜನ ಸಹಿಸಿಯಾರು. ಸಭೆಯಲ್ಲಿ ವೀಳ್ಯ ತಪ್ಪಿದರೆ ಮೊಮ್ಮಕ್ಕಳ ಕಾಲಕ್ಕೂ ಮರೆಯಲಾರರು. ಕೃಷ್ಣಮೋಹನರು ಉಣ್ಣದೆ ಎದ್ದು ಹೋದರು.

"ಅಷ್ಟು ಜನರಲ್ಲಿ ನಂಗೆ ಕಾಣ್ಲಿಲ್ಲ ಮಾರಾಯ್ತಿ. ಅದಕ್ಕೆಲ್ಲ ಎಂತ ಕೋಪ?" ಎಂದು ಅಚ್ಚುತರು ಹೆಂಡತಿ ಕಮಲಾವತಿಯ ಮೇಲೆಯೇ ರೇಗಿದರು. ಹೋಗಿ ಕರೆಯಿರಿ ಎಂದರೆ ಜಪ್ಪಯ್ಯ ಅಂದರೂ ಕೇಳಲಿಲ್ಲ. ಮದುವೆಗೆ ಉಳಿದದ್ದು ಒಂದೇ ವಾರ. ಪ್ರಣೀತಾಳನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವರು ಅದೇ ಸೋದರಮಾವ. ಅವಳು ದಿನವೂ ಊಟ ಅರ್ಧಕ್ಕೇ ಬಿಡುತ್ತಿದ್ದಳು.

ಅವಳು ರಾಮಕುಂಜದಲ್ಲಿ ಚಿತ್ರಕಲೆಯ ಟೀಚರು. ಮದುವೆಗೆಂದು ಜೊತೆಯ ಟೀಚರುಗಳು ಕೊಟ್ಟ ಉಡುಗೊರೆಯನ್ನು ಆ ವಾರ ಒಂದು ಸಂಜೆ ಬಿಚ್ಚಿದಳು: ಹಳೆಯ ರಾಜಸ್ಥಾನಿ ದರ್ಬಾರು ಚಿತ್ರದ ಪ್ರತಿ. ಅಚ್ಚುತರು ಕನ್ನಡಕ ಏರಿಸಿ ಬಂದರು, ಬಂದವರು ಅಲ್ಲೇ ಕೂತರು. ಬೆರಳುದ್ದದ ರಾಜ. ಚಾಮರದವರು, ವೀಣೆಯವಳು, ಸಭೆಗೆ ವೀಳ್ಯ ಹಂಚುವ ಹರಿವಾಣದವ, ಬಾಗಿಲಲ್ಲಿ ಕಾಲು ಕೆದರುವ ಕುದುರೆ. ಅಂಗಳದ ಚಾಪೆಯನ್ನು ಮನೆಯ ಮಾಡಿನ ಮೇಲಿಂದ ನೋಡಿದ ಹಾಗೆ ಕಾಣುವ ರತ್ನಗಂಬಳಿ.

"ಇಷ್ಟು ಜನ ಉಂಟು, ಒಬ್ಬ ಇನ್ನೊಬ್ಬನಿಗೆ ಅಡ್ಡ ಇಲ್ಲ ನೋಡು. ಮೀಸೆ ಸಹ ಒಬ್ಬೊಬ್ಬಂದು ಒಂದೊಂದು ನಮೂನೆ!" ಅವರಿಗೆ ನಿಜವಾಗಿಯೂ ಖುಷಿಯಾಗಿತ್ತು. ಆಮೇಲೆ ಬೆರಳು ಮೂಲೆಯ ಕಂಬದ ಹತ್ತಿರ ನಿಂತಿತು. "ಏ, ಈ ಹಸಿರು ಅಂಗಿಯ ಮುದುಕನಿಗೆ ವೀಳ್ಯ ಬರ್ಲೇ ಇಲ್ಲ. ಹರಿವಾಣದವ ಆಚೆ ತಿರುಗಿದ್ದಾನೆ."

"ಅವನಿಗೆ ಕಂಡಿರ್ಲಿಕ್ಕಿಲ್ಲ ಅಪ್ಪ."

"ಕಾಣದೆ ಎಂತ? ಪಕ್ಕದಲ್ಲೇ ಉಂಟಲ್ಲ. ಮನೆಯ ಜನ ಇರ್ಬೇಕು, ಆಮೇಲೆ ಕೊಟ್ರಾಯ್ತು ಅಂತ..."

ಪ್ರಣೀತಾ ಅಪ್ಪನ ಮುಖ ನೋಡಿದಳು. ಅಚ್ಚುತರು ಕನ್ನಡಕ ತೆಗೆದು, ಒರೆಸುವುದಕ್ಕೆ ಏನೂ ಇಲ್ಲದಿದ್ದರೂ ಒರೆಸಿದರು.

ಮರುದಿನ ಬೆಳಿಗ್ಗೆ ಸವಣೂರಿನ ಮನೆಯ ಜಗಲಿಯಲ್ಲಿ ಅವರು ಹರಿವಾಣ ಹಿಡಿದು ನಿಂತಿದ್ದರು. ಕೃಷ್ಣಮೋಹನರು ಕೂರಿ ಎನ್ನಲಿಲ್ಲ.

"ಕಾಣ್ಲಿಲ್ಲ ಅಂದದ್ದು ಸುಳ್ಳು ಭಾವ. ಕಂಡಿತ್ತು. ನಮ್ಮವರೇ ಅಲ್ವಾ, ಆಮೇಲೆ ಕೊಡುವ ಅಂತ ದಾಟಿ ಹೋದೆ." ಅಚ್ಚುತರು ಹರಿವಾಣವನ್ನು ಮುಂದೆ ಚಾಚಿದರು.

ಕೃಷ್ಣಮೋಹನರು ಎದ್ದು ಬಂದು ಹರಿವಾಣದಿಂದ ವೀಳ್ಯ ತೆಗೆದುಕೊಂಡರು.

"ಬೇರೆಯವರ ಮನೆ ಆಗಿದ್ರೆ ನಾನು ಉಂಡೇ ಹೋಗ್ತಿದ್ದೆ ಭಾವ," ಎಂದರು.